ಸರ್ಬರಸ್ ಪ್ರಯೋಗಗಳು: ಅನಿವಾರ್ಯ ಕ್ರೌರ್ಯವೋ, ಕೆಲಸ ಬಾರದವರ ಕಸರತ್ತೋ? (ಮಾಸ್ ಎಫೆಕ್ಟ್ ಮೂರೂ ಭಾಗದ ಗುಟ್ಟು ಬಯಲಾಗುತ್ತೆ, ಆಡದವರು ಓದಬೇಡಿ)

ಬೂದುಗಣ್ಣ ಕೇಳಿದ್ದು:

ಮಾಸ್ ಎಫೆಕ್ಟ್ ವಿಡಿಯೋ ಗೇಮ್ ಆಡಿದವರ ನಡುವೆ ಸರ್ಬರಸ್ (ಅದರಲ್ಲಿ ಬರೋ, ಮನುಷ್ಯಕುಲವೇ ಮೊದಲು ಅನ್ನೋ ಗುಪ್ತ ಸಂಸ್ಥೆ) ಹೆಸರೆತ್ತಿದರೆ ಎರಡೇ ಪಕ್ಷ. ಒಂದು ಪಕ್ಷ ಹೇಳೋದು: ರೀಪರ್ ಅನ್ನೋ ದೈತ್ಯ ಯಂತ್ರಜೀವಿಗಳು 50 ಸಾವಿರ ವರ್ಷಕ್ಕೊಮ್ಮೆ ಬಂದು ಗ್ಯಾಲಕ್ಸಿಯ ಬುದ್ಧಿಜೀವಿಗಳನ್ನೆಲ್ಲ (ಟಿವಿ ಚರ್ಚೆಯ ಅರ್ಥದಲ್ಲಲ್ಲ) ಕೊಯ್ಲು ಮಾಡಿಕೊಂಡು ಹೋಗ್ತಾವೆ, ಗ್ಯಾಲಕ್ಸಿ ಆಳೋ ಕೌನ್ಸಿಲ್ ನೋಡಿದರೆ ಕಣ್ಣು ಮುಚ್ಚಿ ಕೂತಿದೆ, ಅಂಥಾ ಹೊತ್ತಲ್ಲಿ ಯಾರೋ ಒಬ್ಬರು ಕೈ ಕೊಳೆ ಮಾಡ್ಕೊಳ್ಳಲೇಬೇಕು. ಇನ್ನೊಂದು ಪಕ್ಷ ಹೇಳೋದು: ಕೈ ಕೊಳೆ ಮಾಡ್ಕೊಂಡಿದ್ದು ನಿಜ, ಆದರೆ ಕೆಲಸ ಎಲ್ಲಿ ಆಯ್ತು?

ದಾಖಲೆ ನೋಡಿದರೆ ಆಕೂಜ್‌ನಲ್ಲಿ 50 ಸೈನಿಕರು ತ್ರೆಶರ್ ಮಾ ಅನ್ನೋ ದೈತ್ಯ ಹುಳುವಿನ ಬಾಯಿಗೆ. ಪ್ರೇಗಿಯಾದ ಟೆಲ್ಟಿನ್‌ನಲ್ಲಿ ಕದ್ದು ತಂದ ಮಕ್ಕಳ ಮೇಲೆ ಪ್ರಯೋಗ, ಕೊನೆಗೆ ದಂಗೆ. ಐಟೆ ಗ್ರಹದಲ್ಲಿ ಓವರ್‌ಲಾರ್ಡ್. ಸತ್ತ ರೀಪರ್ ಒಳಗೆ ಹೋದ ಡಾ. ಚಂದನಾ ತಂಡದಲ್ಲಿ ಒಬ್ಬರೂ ಉಳಿಯಲಿಲ್ಲ. ಮೂರನೇ ಭಾಗದಲ್ಲಿ ಸ್ಯಾಂಕ್ಚುಯರಿ. ಇನ್ನೊಂದು ತಟ್ಟೆಯಲ್ಲಿ ಆಟದ ನಾಯಕಪಾತ್ರ ಶೆಪರ್ಡ್‌ನ ಸತ್ತ ಮೇಲೆ ಬದುಕಿಸಿದ ಲಾಜರಸ್ ಯೋಜನೆ, ನಾರ್ಮಂಡಿ ಎಸ್‌ಆರ್-2 ಹಡಗು, ಅದರ ಕೃತಕ ಬುದ್ಧಿ ಈಡಿ.

"ಅವರು ಕೆಟ್ಟವರು" ಅನ್ನೋ ಉತ್ತರ ಬೇಡ, ಅದು ಗೊತ್ತಿದೆ. ಯಾವ ಪ್ರಯೋಗದಲ್ಲಿ ಯಾವ ಹೆಜ್ಜೆ ತಪ್ಪಿತು, ಅದು ದುರದೃಷ್ಟವೋ ವಿಧಾನದ ದೋಷವೋ, ಅಷ್ಟು ಹೇಳಿ.

—

ಕ್ಯಾಲಿಬ್ರೇಶನ್ ಗುಂಡಣ್ಣ:

ಎಲ್ಲಾನೂ ಒಟ್ಟಿಗೆ ಕಲಸಿದರೆ ಏನೂ ಸಿಗಲ್ಲ. ಓವರ್‌ಲಾರ್ಡ್ ಒಂದನ್ನೇ ಬಿಚ್ಚಿ ನೋಡಿ, ಅದರಲ್ಲೇ ಎಲ್ಲಾ ಇದೆ.

ಗುರಿ ಏನೂ ಮೂರ್ಖತನದ್ದಲ್ಲ. ಗೆತ್ ಅನ್ನೋ ರೋಬಾಟ್ ಜನಾಂಗದ ಸೈನ್ಯವನ್ನ ಒಂದು ಗುಂಡೂ ಹಾರಿಸದೆ ಮಣಿಸಬೇಕು. ಅದಕ್ಕೆ ಮನುಷ್ಯನ ಮನಸ್ಸನ್ನೂ ಒಂದು ವಿಐ (ಸ್ವಂತ ಅರಿವಿಲ್ಲದ ಯಂತ್ರಬುದ್ಧಿ) ತಂತ್ರಾಂಶವನ್ನೂ ಬೆಸೆಯಬೇಕು. ಡಾ. ಗ್ಯಾವಿನ್ ಆರ್ಚರ್ ತನ್ನ ತಮ್ಮ ಡೇವಿಡ್‌ನನ್ನೇ ಯಂತ್ರಕ್ಕೆ ಜೋಡಿಸಿದ. ಡೇವಿಡ್ ಆಟಿಸಂ ಇರೋ ಹುಡುಗ, ಗಣಿತದಲ್ಲಿ ಅಸಾಮಾನ್ಯ, ಗೆತ್‌ಗಳ ಸದ್ದಿಗೆ ಅವುಗಳ ಧಾಟಿಯಲ್ಲೇ ಉತ್ತರ ಕೊಡಬಲ್ಲ. ಇಲ್ಲಿವರೆಗಿನ ನೈತಿಕತೆ ಪಕ್ಕಕ್ಕಿಡಿ, ವೈರಿಂಗ್ ನೋಡಿ.

ಹೊಸದಾಗಿ ಹುಟ್ಟೋ, ಹೇಗೆ ವರ್ತಿಸುತ್ತೆ ಅಂತ ಯಾರಿಗೂ ಗೊತ್ತಿಲ್ಲದ ಒಂದು ಬುದ್ಧಿಯನ್ನ ಅವರು ಎಲ್ಲಿಗೆ ಜೋಡಿಸಿದರು? ಬಾಗಿಲು, ಟ್ರಾಮ್, ಕಾವಲು ಮೆಕ್ (ರೋಬಾಟ್), ಸಂಪರ್ಕದ ಡಿಶ್, ಎಲ್ಲವೂ ಓಡ್ತಿದ್ದ ಅದೇ ಜಾಲಕ್ಕೆ. ಇಡೀ ಮನೆಗೆ ಒಂದೇ ಫ್ಯೂಸ್ ಹಾಕಿದ ಹಾಗೆ. ಎಚ್ಚರ ತಪ್ಪಿದ ಮೊದಲ ಕ್ಷಣಕ್ಕೇ ನಾಲ್ಕೂ ನಿಲ್ದಾಣಗಳ ವ್ಯವಸ್ಥೆ ಅದರ ಕೈಗೆ ಹೋಯ್ತು. ಹರ್ಮಿಸ್ ನಿಲ್ದಾಣದ ಡಿಶ್ ಒಂದು ಸಾಕಿತ್ತು, ಆ ವಿಐ ಗ್ರಹ ಬಿಟ್ಟು ಹೊರಗೆ ಹಾರೋಕೆ. ಶೆಪರ್ಡ್ ಬಂದು ಮಾಡೋ ಮೊದಲ ಕೆಲಸ ಏನು? ಆ ಡಿಶ್ ಒಡೆದು ಹಾಕೋದು. ಅಂದರೆ ಒಡೆಯದೆ ಅದನ್ನ ನಿಲ್ಲಿಸೋ ದಾರಿಯೇ ಇರಲಿಲ್ಲ. ವಿದ್ಯುತ್ ಕಡಿಯೋಕೆ ಕೈಯಲ್ಲಿ ಎಳೆಯೋ ಒಂದು ಕಬ್ಬಿಣದ ಸ್ವಿಚ್ ಇದ್ದಿದ್ದರೆ ಕಥೆ ಹತ್ತು ನಿಮಿಷದಲ್ಲಿ ಮುಗೀತಿತ್ತು.

ಎರಡನೇ ತಪ್ಪು ಪ್ರೊಮಿಥಿಯಸ್ ನಿಲ್ದಾಣ. ಅದು ಬಿದ್ದು ಹಾಳಾದ ಗೆತ್ ಹಡಗು. ಪ್ರಯೋಗಕ್ಕೆ ಬೇಕಾದ ಗೆತ್‌ಗಳನ್ನ ಒಳಗೇ "ಮಲಗಿಸಿ" ಇಟ್ಟಿದ್ದರು. ಕೈಕಾಲು, ಬಂದೂಕು, ವಿದ್ಯುತ್ ಕೋಶ ಯಾವುದನ್ನೂ ಬಿಚ್ಚಿರಲಿಲ್ಲ. ಗೆತ್‌ಗೆ ಆಜ್ಞೆ ಕೊಡೋ ಯಂತ್ರ ಕಟ್ತಾ ಇದೀರಿ, ಅದರ ಪಕ್ಕದಲ್ಲೇ ಆಜ್ಞೆಗೆ ಕಾಯೋ ಗೆತ್ ಸಾಲು ನಿಲ್ಲಿಸಿದೀರಿ. ಪ್ರಯೋಗ ಗೆದ್ದರೂ ಅಪಾಯ, ಸೋತರೂ ಅಪಾಯ.

ಮೂರನೇದು ಬೀಗದ ವ್ಯವಸ್ಥೆ. ಅಟ್ಲಾಸ್ ನಿಲ್ದಾಣ ತೆರೆಯೋಕೆ ವಲ್ಕನ್, ಪ್ರೊಮಿಥಿಯಸ್ ಎರಡೂ ಕಡೆ ಹೋಗಿ ಕೈಯಿಂದ ಬೀಗ ಬಿಡಿಸಬೇಕು. ಇದು ಕೇಳೋಕೆ ಚೆನ್ನಾಗಿದೆ, ಎರಡು ಬೀಗದ ಕೈ ಇಬ್ಬರ ಹತ್ತಿರ ಇಟ್ಟ ಹಾಗೆ. ಆದರೆ ಆ ಎರಡೂ ನಿಲ್ದಾಣ ಅದೇ ಜಾಲದ ಮೇಲಿವೆ. ಒಂದೇ ಏಟಿಗೆ ಎರಡೂ ಬೀಳೋದಾದರೆ ಎರಡು ಬೀಗ ಹಾಕಿ ಏನು ಪ್ರಯೋಜನ?

ಕೊನೇದನ್ನ ಸುಮಾರು ಜನ ಗಮನಿಸಲ್ಲ. ಓವರ್‌ಲಾರ್ಡ್ ಕಂತಿನುದ್ದಕ್ಕೂ ಸ್ಪೀಕರ್‌ಗಳಿಂದ ಬರೋ ಆ ಕರ್ಕಶ ಕಿರುಚಾಟ ಇದೆಯಲ್ಲ, ಅದು ಕೊನೆಗೆ ಏನು ಅಂತ ಗೊತ್ತಾಗುತ್ತೆ: "ಸುಮ್ಮನಿರಿ, ದಯವಿಟ್ಟು ಇದನ್ನ ನಿಲ್ಲಿಸಿ" ಅಂತ ಡೇವಿಡ್ ಬೇಡ್ಕೊಳ್ತಾ ಇದ್ದಾನೆ. ಪ್ರಯೋಗದ ಅತಿಮುಖ್ಯ ಅಳತೆ ಸಿಗ್ನಲ್‌ನಲ್ಲೇ ಇತ್ತು. ಅವರು ಅದನ್ನ ಗದ್ದಲ ಅಂತ ಬಿಟ್ಟರು. ನನ್ನ ತೀರ್ಪು: ಅಸಮರ್ಥರು.

—

ಸೆಲ್ ನಂಬರ್ 8:

ಗುಂಡಣ್ಣ, ವೈರಿಂಗ್ ಬಗ್ಗೆ ನಿಮ್ಮ ಮಾತು ಒಪ್ಪಿದೆ. ಆದರೆ ಲೆಕ್ಕದಲ್ಲೇ ಒಂದು ಮೋಸ ಇದೆ. ಶೆಪರ್ಡ್‌ಗೆ ಕರೆ ಬರೋದು ಯಾವಾಗ? ಏನೋ ಕೆಟ್ಟಾಗ. ಸರಿಯಾಗಿ ನಡೆದ ಸರ್ಬರಸ್ ಪ್ರಯೋಗಶಾಲೆಗೆ ಹೋಗೋ ಮಿಷನ್ ಯಾರು ಬರೀತಾರೆ? ಆಸ್ಪತ್ರೆ ಬಾಗಿಲಲ್ಲಿ ಕೂತು ಊರವರೆಲ್ಲ ಕಾಯಿಲೆಯವರೇ ಅಂದಹಾಗೆ ಆಗುತ್ತೆ ಇದು.

ಮನುಷ್ಯರ ಅಧಿಕೃತ ಸೇನೆ ಅಲಯನ್ಸ್ ಏನು ಕಮ್ಮಿ? ಚಂದ್ರನ ಮೇಲೆ ತರಬೇತಿಗೆ ಇಟ್ಟ ವಿಐ ಕೈ ಮೀರಿ ತಮ್ಮವರನ್ನೇ ಕೊಂದಿದ್ದು ಮೊದಲ ಭಾಗದಲ್ಲೇ ಇದೆ. ಅದೇ ಬುದ್ಧಿಯನ್ನ ಆಯ್ದುಕೊಂಡು ಬಂದು ಈಡಿ ಮಾಡಿದ್ದು ಸರ್ಬರಸ್. ಅಲಯನ್ಸ್ ಎಸೆದ ಕಸದಿಂದ ಗ್ಯಾಲಕ್ಸಿಯ ಒಳ್ಳೇ ಸಹಪೈಲಟ್ ಹುಟ್ಟಿದಳು. ಇನ್ನು 2011ರ ಅರೈವಲ್ ಕಂತು ನೋಡಿ. ಡಾ. ಅಮಾಂಡಾ ಕೆನ್ಸನ್ ಸರ್ಬರಸ್‌ನವಳಲ್ಲ, ಅಲಯನ್ಸ್‌ನವಳು. ರೀಪರ್ ವಸ್ತು ಆಬ್ಜೆಕ್ಟ್ ರೋ ಅನ್ನ ಲ್ಯಾಬಿನ ನಡುವೆ ತೆರೆದಿಟ್ಟುಕೊಂಡು ಇಡೀ ತಂಡ ಮರುಳಾಯ್ತು. ಕೊನೆಗೆ ಬಾಹಕ್ ರಿಲೇ (ನಕ್ಷತ್ರಗಳ ನಡುವೆ ಹಡಗು ಚಿಮ್ಮಿಸೋ ಯಂತ್ರ) ಒಡೆದು 3 ಲಕ್ಷಕ್ಕೂ ಹೆಚ್ಚು ಬಟೇರಿಯನ್ ಜನಾಂಗದವರು ಸತ್ತರು. ಸರ್ಬರಸ್‌ನ ಯಾವ ಪ್ರಯೋಗದಲ್ಲಿ ಇಷ್ಟು ಹೆಣ ಬಿದ್ದಿದೆ ಹೇಳಿ.

ಸರ್ಬರಸ್ ಮುಖ್ಯಸ್ಥ ಇಲ್ಯೂಸಿವ್ ಮ್ಯಾನ್‌ನನ್ನ ಹೂಡಿಕೆದಾರ ಅಂತ ನೋಡಿದರೆ ಎಲ್ಲಾ ಅರ್ಥ ಆಗುತ್ತೆ. ಹತ್ತು ಬೀಜ ಬಿತ್ತಿ ಒಂದು ಮೊಳೆತರೂ ಸಾಕು ಅನ್ನೋ ಲೆಕ್ಕ. ಮೊಳೆತದ್ದು ಲಾಜರಸ್: ಎರಡು ವರ್ಷ, 400 ಕೋಟಿ ಕ್ರೆಡಿಟ್‌ಗೂ ಮೇಲೆ, ಸತ್ತು ಹೆಪ್ಪುಗಟ್ಟಿದ್ದ ಶೆಪರ್ಡ್ ಎದ್ದು ನಿಂತದ್ದು. ಆ ಒಂದು ಇಲ್ಲದಿದ್ದರೆ ಮೂರನೇ ಭಾಗವೇ ಇಲ್ಲ. ಉಳಿದ ಒಂಬತ್ತರ ಖರ್ಚು ಅದರಲ್ಲಿ ವಸೂಲಾಗಿದೆ.

—

ಡೋಸಿಮೀಟರ್:

ಕೆನ್ಸನ್ ಉದಾಹರಣೆ ಸರಿಯಾಗಿದೆ, ಆದರೆ ಅದು ನಿಮ್ಮ ವಾದಕ್ಕೆ ವಿರುದ್ಧ ಹೋಗುತ್ತೆ ಸೆಲ್ ಅವರೇ. ಇಂಡಾಕ್ಟ್ರಿನೇಶನ್ (ರೀಪರ್ ಹತ್ತಿರ ಇದ್ದವರ ಮನಸ್ಸು ಮರುಳಾಗೋದು) ಹೇಗೆ ಕೆಲಸ ಮಾಡುತ್ತೆ ಅನ್ನೋದು ಕಥೆಯ 2183ರಲ್ಲೇ ಗೊತ್ತಿತ್ತು. ಮೊದಲ ಭಾಗದ ಖಳ ಸರೆನ್ ವರ್ಮೈರ್ ಗ್ರಹದಲ್ಲಿ ಒಂದು ಲ್ಯಾಬನ್ನೇ ಅದಕ್ಕೆ ಇಟ್ಟಿದ್ದ. ಆಟದೊಳಗಿನ ವಿಶ್ವಕೋಶ ಕೋಡೆಕ್ಸ್‌ನಲ್ಲಿ ಬರೆದೇ ಇದೆ: ಬೇಗ ಮರುಳು ಮಾಡಿದರೆ ಮನಸ್ಸು ದಿನಗಳಲ್ಲೋ ವಾರಗಳಲ್ಲೋ ಕೊಳೆಯುತ್ತೆ, ನಿಧಾನಕ್ಕೆ ಮಾಡಿದರೆ ಆಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಳಕೆಗೆ ಬರ್ತಾನೆ. ಅಂದರೆ ಇದು ಡೋಸ್‌ನ ವಿಷಯ. ಎಷ್ಟು ಹೊತ್ತು, ಎಷ್ಟು ಹತ್ತಿರ, ನಡುವೆ ಏನು ಅಡ್ಡ ಇದೆ. ವಿಕಿರಣದ ಕೆಲಸಕ್ಕೆ ಹೋಗೋರಿಗೆ ಮೊದಲ ದಿನ ಹೇಳೋ ಮೂರೇ ಮಾತು: ಸಮಯ, ದೂರ, ತಡೆ.

ಚಂದನಾ ತಂಡ ಮಾಡಿದ್ದೇನು? 3.7 ಕೋಟಿ ವರ್ಷದ ಹಿಂದೆ ಸತ್ತ ರೀಪರ್ ಒಳಗೇ ಬಿಡಾರ ಹೂಡಿದರು. ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಲ್ಯಾಬ್. ಲಾಗ್‌ಗಳನ್ನ ಸಾಲಾಗಿ ಕೇಳಿ, ಲಕ್ಷಣ ಪಠ್ಯಪುಸ್ತಕದ ಹಾಗೆ ಏರುತ್ತೆ. ಮೊದಲು ಗೋಡೆ ಯಾಕೋ ಸರಿಯಿಲ್ಲ ಅನ್ನೋ ಭಯ. ಆಮೇಲೆ ಇಬ್ಬರು ಒಂದೇ ಮದುವೆಯ ನೆನಪನ್ನ ನಂದು ನಂದು ಅಂತ ಹೇಳ್ಕೊಳ್ತಾರೆ. ಆಮೇಲೆ ಸತ್ತ ದೇವರೂ ಕನಸು ಕಾಣ್ತಾನೆ ಅನ್ನೋ ಪ್ರವಚನ. ಎರಡನೇ ಲಕ್ಷಣ ಕಂಡ ದಿನವೇ ಎಲ್ಲರನ್ನೂ ಹೊರಗೆ ಎಳೀಬೇಕಿತ್ತು. ಎಳೆಯೋರು ಯಾರು? ಲಕ್ಷಣ ಗುರುತಿಸಬೇಕಾದವರೂ ಒಳಗೇ ಇದ್ದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯೋರ್ಯಾರು ಅಂತಾರಲ್ಲ, ಅದೇ.

ಸರಿಯಾಗಿ ಮಾಡೋದಾದರೆ ಹೀಗೆ. ಕೆಲಸ ಮೆಕ್‌ಗಳಿಂದ, ಮನುಷ್ಯರು ಇನ್ನೊಂದು ಹಡಗಿನಲ್ಲಿ. ಒಳಗೆ ಮನುಷ್ಯ ಹೋಗಲೇಬೇಕಾದರೆ ಗಂಟೆಗಳ ಪಾಳಿ. ಒಮ್ಮೆ ಹೋದವನು ಮತ್ತೆ ಹೋಗಬಾರದು. ಪ್ರತಿಯೊಬ್ಬನಿಗೂ ಹೋಗೋ ಮುಂಚೆ ಒಂದಷ್ಟು ವೈಯಕ್ತಿಕ ನೆನಪಿನ ಪ್ರಶ್ನೆ, ಬಂದ ಮೇಲೆ ಅವೇ ಪ್ರಶ್ನೆ. ಉತ್ತರ ಬದಲಾದರೆ ಪ್ರತ್ಯೇಕವಾಗಿಡೋದು. ತಂಡವನ್ನ ಹೊರಗೆಳೆಯೋ ಅಧಿಕಾರ ಒಳಗೆ ಕಾಲಿಡದ ಒಬ್ಬನ ಕೈಲಿ. ಅವರಿಗೆ ಬೇಕಿದ್ದುದು ಐಎಫ್‌ಎಫ್ ಅನ್ನೋ ಒಂದು ಗುರುತಿನ ಉಪಕರಣ. ತಗೊಂಡು ಬರೋಕೆ ಶೆಪರ್ಡ್‌ಗೆ ಎಷ್ಟು ಹೊತ್ತು ಹಿಡೀತು? ಒಂದು ಮಿಷನ್. ಕೆಲಸಕ್ಕೆ ಬೇಕಾದ ಡೋಸ್ ಅಷ್ಟೇ ಇತ್ತು.

ನಿಜ ಪ್ರಪಂಚದಲ್ಲಿ ಹೋಲಿಕೆ ಬೇಕಾದರೆ ಅಮೆರಿಕದ ಅಣುಬಾಂಬ್ ಪ್ರಯೋಗಶಾಲೆ ಲಾಸ್ ಅಲಾಮೋಸ್ ನೋಡಿ. 6.2 ಕೆಜಿ ಪ್ಲುಟೋನಿಯಂ ಗುಂಡು. 1945ರ ಆಗಸ್ಟ್ 21ರಂದು ಹ್ಯಾರಿ ಡಾಗ್ಲಿಯನ್ ಕೈಜಾರಿ ಅದರ ಮೇಲೆ ಟಂಗ್‌ಸ್ಟನ್ ಕಾರ್ಬೈಡ್ ಇಟ್ಟಿಗೆ ಬೀಳಿಸಿದ, ಸತ್ತ. 1946ರ ಮೇ 21ರಂದು ಅದೇ ಗುಂಡಿನ ಜತೆ ಲೂಯಿಸ್ ಸ್ಲೋಟಿನ್, ಎರಡು ಬೆರಿಲಿಯಂ ಬಟ್ಟಲಿನ ನಡುವೆ ಸ್ಕ್ರೂಡ್ರೈವರ್ ತುದಿ ಇಟ್ಟು ಅಂತರ ಕಾಯ್ತಿದ್ದ. ಜಾರಿತು. ಒಂಬತ್ತು ದಿನಕ್ಕೆ ಅವನೂ ಹೋದ. ಅವರೂ ಯುದ್ಧದ ತರಾತುರಿಯಲ್ಲಿ ಬೆಳೆದ ಸಂಸ್ಥೆಯೇ, ಅವರಲ್ಲೂ ಗುಟ್ಟೇ. ಆದರೆ ಎರಡನೇ ಸಾವಿನ ನಂತರ ಕೈಯಿಂದ ಮಾಡೋದನ್ನೇ ನಿಲ್ಲಿಸಿ ದೂರನಿಯಂತ್ರಣಕ್ಕೆ ಹೋದರು. ಅಪಾಯ ತಗೊಂಡದ್ದಕ್ಕೆ ಯಾರನ್ನೂ ದಡ್ಡ ಅನ್ನಲ್ಲ ನಾನು. ಅದೇ ಸ್ಕ್ರೂಡ್ರೈವರ್ ಮೂರನೇ ಸಲ ಹಿಡಿದವನನ್ನ ಅಂತೀನಿ. ರೀಪರ್ ವಸ್ತುವಿನ ವಿಷಯದಲ್ಲಿ ಸರ್ಬರಸ್ ಹಿಡಿದದ್ದು ಎಷ್ಟನೇ ಸಲ ಅಂತ ನೀವೇ ಎಣಿಸಿ.

—

ಪುಟ್ಟಕ್ಕ ಶೆಪರ್ಡ್:

ಎರಡನೇ ಸಲ ಯಾಕೆ ಕಲೀಲಿಲ್ಲ ಅನ್ನೋದಕ್ಕೆ ಉತ್ತರ ಟೆಲ್ಟಿನ್ ಲಾಗ್‌ನಲ್ಲಿದೆ. "ಇಲ್ಯೂಸಿವ್ ಮ್ಯಾನ್ ಮತ್ತೆ ಕಾರ್ಯಾಚರಣೆಯ ದಾಖಲೆ ಕೇಳ್ತಿದ್ದಾನೆ, ಅನುಮಾನ ಬಂದಿದೆ" ಅನ್ನೋ ಅರ್ಥದ ಮಾತು ಬರುತ್ತೆ. ಕೋಶ ಕೋಶವಾಗಿ ಒಡೆದ ಸಂಘಟನೆ. ಒಂದು ಸಿಕ್ಕಿಬಿದ್ದರೆ ಇನ್ನೊಂದು ಉಳೀಲಿ ಅಂತ ಮಾಡಿದ್ದು. ಪೊಲೀಸರಿಂದ ತಪ್ಪಿಸ್ಕೊಳ್ಳೋಕೆ ಅದು ಚೆಂದ. ವಿಜ್ಞಾನಕ್ಕೆ ಅದು ವಿಷ. ಒಂದು ಕೋಶದಲ್ಲಿ ಆದ ತಪ್ಪು ಇನ್ನೊಂದು ಕೋಶಕ್ಕೆ ಗೊತ್ತಾಗಲ್ಲ, ಫಲಿತಾಂಶ ಕೊಡದಿದ್ದರೆ ಮುಚ್ಚಿಬಿಡ್ತಾರೆ ಅನ್ನೋ ಭಯಕ್ಕೆ ಮೇಲಿನವನಿಗೂ ಸುಳ್ಳು ವರದಿ. ಆರ್ಚರ್ ತಮ್ಮನನ್ನ ಯಂತ್ರಕ್ಕೆ ಕಟ್ಟಿದ್ದೂ ಫಲಿತಾಂಶ ತೋರಿಸಬೇಕಾದ ಒತ್ತಡದಲ್ಲೇ.

1979ರ ಸ್ವೆರ್ಡ್‌ಲೊವ್‌ಸ್ಕ್ ಇದಕ್ಕೆ ಸರಿಯಾದ ಕನ್ನಡಿ. ಸೋವಿಯತ್ ಸೇನೆಯ ಗುಪ್ತ ಕೇಂದ್ರದಿಂದ ಆಂಥ್ರಾಕ್ಸ್ ಹೊರಗೆ ಹೋಯ್ತು, 60ಕ್ಕೂ ಹೆಚ್ಚು ಜನ ಸತ್ತರು. ಮಾಂಸ ಕೆಟ್ಟಿತ್ತು ಅಂತ ಸರ್ಕಾರ ಹೇಳ್ತಾ ಬಂತು. ಸೇನೆಯದೇ ಕಾರಣ ಅಂತ ಯೆಲ್ಟ್ಸಿನ್ ಒಪ್ಪಿದ್ದು 1992ರಲ್ಲಿ. ಅಷ್ಟು ವರ್ಷ ಗುಟ್ಟಾಗಿಟ್ಟ ತಪ್ಪಿನಿಂದ ಪಕ್ಕದ ಲ್ಯಾಬ್ ಏನು ಕಲಿಯೋಕಾಗುತ್ತೆ?

ಇನ್ನು ಟೆಲ್ಟಿನ್‌ನ ಪ್ರಯೋಗ ವಿನ್ಯಾಸ. ನೈತಿಕತೆ ಬಿಟ್ಟೇ ಮಾತಾಡ್ತೀನಿ, ಕಷ್ಟ ಆದರೂ. ಜ್ಯಾಕ್ ಅವರ "ಸೊನ್ನೆ ನಂಬರ್" ಹುಡುಗಿ. ಅವಳಿಗೆ ಮಾಡೋ ಮುಂಚೆ ಪ್ರತಿ ವಿಧಾನವನ್ನೂ ಬೇರೆ ಮಕ್ಕಳ ಮೇಲೆ ನೋಡ್ತಿದ್ದರು. ಬೇರೆ ಬೇರೆ ಶಕ್ತಿಯ, ಬೇರೆ ಬೇರೆ ದೇಹಸ್ಥಿತಿಯ ಮಕ್ಕಳು. ಅವರಲ್ಲಿ ಒಬ್ಬ ಸತ್ತರೆ ವಿಧಾನ ಕೆಟ್ಟದ್ದೋ ಮಗು ನಿತ್ರಾಣವಾಗಿತ್ತೋ ಹೇಳೋಕೇ ಆಗಲ್ಲ. ಕೊನೆಗೆ ಉಳಿದದ್ದು ಒಬ್ಬಳು. ಒಬ್ಬಳ ಮೇಲಿನ ಫಲಿತಾಂಶ ಪ್ರಯೋಗ ಅನ್ನಿಸ್ಕೊಳ್ಳಲ್ಲ. ಅದರ ಮೇಲೆ ಜಗಳಕ್ಕೆ ಬಿಟ್ಟು, ಹೊಡೆದರೆ ಮತ್ತಿನ ಮದ್ದು, ಹಿಂಜರಿದರೆ ವಿದ್ಯುತ್ ಆಘಾತ. ಅಳೀಬೇಕಾಗಿದ್ದುದು ಬಯೋಟಿಕ್ ಶಕ್ತಿ (ಮುಟ್ಟದೆ ವಸ್ತು ಎತ್ತಿ ಎಸೆಯೋ ಸಾಮರ್ಥ್ಯ). ಅಳೆದದ್ದು ಭಯ, ಅಮಲು, ಸಿಟ್ಟು ಮೂರನ್ನೂ ಕಲಸಿದ ಒಂದು ಗಂಜಿ. ಹೊಡೆದಾಗ ಸುಖ ಅಂತ ಕಲಿಸಿದ ಮಗುವಿಗೆ ಹೊಡೆಯೋಕೆ ಕೈಗೆ ಸಿಕ್ಕಿದ್ದು ಯಾರು? ಕಾವಲಿನವರು. ದಂಗೆ ಅನ್ನೋದು ಆಕಸ್ಮಿಕವಲ್ಲ, ತರಬೇತಿಯ ಫಲಿತಾಂಶ.

ಅದೇ ಗುರಿಗೆ ಗ್ರಿಸಮ್ ಅಕಾಡೆಮಿ ಶಾಲೆ ನಡೆಸಿತು. ಮಕ್ಕಳು ಒಪ್ಪಿ ಬಂದವರು, ಹೆಸರಿದೆ, ಹಾಸಿಗೆ ಇದೆ, ಹಗಲು ಪಾಠ. ಮೂರನೇ ಭಾಗದಲ್ಲಿ ಆ ಮಕ್ಕಳು ಯುದ್ಧಕ್ಕೆ ನಿಲ್ಲುವಷ್ಟು ಗಟ್ಟಿ. ಪಾಠ ಹೇಳ್ತಿರೋ ಮೇಷ್ಟ್ರು ಯಾರು ಗೊತ್ತಲ್ಲ? ಜ್ಯಾಕ್. ಸರ್ಬರಸ್ ಸೈನ್ಯ ಕಳಿಸಿ ಆ ಶಾಲೆಯನ್ನ ದೋಚೋಕೆ ಬರುತ್ತೆ. ತಾನು ಬೆಳೆಸಲಾಗದ್ದನ್ನ ಕದಿಯೋಕೆ.

ಆಕೂಜ್ ಬಗ್ಗೆ ಒಂದೇ ಮಾತು. ತ್ರೆಶರ್ ಮಾ ನೆಲದಡಿಯ ಹುಳು, ಸದ್ದಿಗೆ ಬರುತ್ತೆ. ಅದು ಹೇಗೆ ಬೇಟೆಯಾಡುತ್ತೆ ಅಂತ ನೋಡೋಕೆ ಒಂದು ಹಳೇ ಗಾಡಿ, ಒಂದು ಕ್ಯಾಮೆರಾ ಸಾಕು. ಅದಕ್ಕೆ 50 ಜನ ತರಬೇತಾದ ಮನುಷ್ಯ ಸೈನಿಕರನ್ನ ಕೊಟ್ಟದ್ದು "ಮನುಷ್ಯಕುಲವೇ ಮೊದಲು" ಅನ್ನೋ ಸಂಸ್ಥೆ. ಎಡೋಲಸ್ ಗ್ರಹದಲ್ಲಿ ಅಲಯನ್ಸ್ ಅಡ್ಮಿರಲ್ ಕಹೋಕು ಕಡೆಯ ಸೈನಿಕರನ್ನ ಸುಳ್ಳು ತುರ್ತುಸಂಕೇತ ಇಟ್ಟು ಅದೇ ಹುಳುವಿನ ಮೇಲೆ ಕರೆದರು. ಎರಡನೇ ಸಲದಲ್ಲಿ ಹೊಸದಾಗಿ ಏನು ತಿಳೀತು?

—

ಸೆಲ್ ನಂಬರ್ 8:

ಟೆಲ್ಟಿನ್, ಆಕೂಜ್ ಎರಡಕ್ಕೂ ವಕಾಲತ್ತು ಹಾಕಲ್ಲ, ಬಿಟ್ಟೆ. ಆದರೆ ಸ್ಯಾಂಕ್ಚುಯರಿ? ಹೊರೈಜ಼ನ್‌ನಲ್ಲಿ ಹೆನ್ರಿ ಲಾಸನ್ ನಿರಾಶ್ರಿತರನ್ನ ಹಸ್ಕ್ (ರೀಪರ್ ಆಡಿಸೋ ಅರೆಯಂತ್ರ ಹೆಣ) ಮಾಡಿ ರೀಪರ್ ಸಂಕೇತ ಅವರನ್ನ ಹೇಗೆ ಆಳುತ್ತೆ ಅಂತ ಕಂಡುಹಿಡಿದ. ರಾಕ್ಷಸ ಕೆಲಸ, ಒಪ್ಪಿದೆ. ಆದರೆ ಅದು ಫಲಿಸಿತು. ಹಸ್ಕ್‌ಗಳನ್ನ ಹಿಡಿತಕ್ಕೆ ತಂದರು. ರೀಪರ್‌ಗಳೇ ಓಡಿ ಬಂದು ಆ ಜಾಗ ಹಾಳು ಮಾಡಿದವು ಅಂದರೆ ಏನರ್ಥ, ಹೆದರಿದವು. ಕೊನೆಗೆ ರೀಪರ್ ವಿರುದ್ಧ ಕಟ್ಟಿದ ಯಂತ್ರ ಕ್ರೂಸಿಬಲ್ ಹತ್ತಿರ ನಿಂತಾಗ ರೀಪರ್‌ಗಳನ್ನ ಆಳೋ ದಾರಿ ನಿಜಕ್ಕೂ ಇದೆ ಅಂತ ತಿಳಿಯುತ್ತೆ. ಇಲ್ಯೂಸಿವ್ ಮ್ಯಾನ್‌ನ ಊಹೆ ಸರಿಯಾಗಿತ್ತು. ಉಳಿದವರೆಲ್ಲ ಅವನನ್ನ ಹುಚ್ಚ ಅಂದಿದ್ದರು.

—

ಡೋಸಿಮೀಟರ್:

ಊಹೆ ಸರಿ, ಊಹಿಸಿದವನೇ ಬಳಕೆಗೆ ಬಾರದವನಾದ. ಆ ಗುಂಡಿ ಒತ್ತೋಕೆ ಸ್ವಂತ ಮನಸ್ಸು ಬೇಕಿತ್ತು, ಅವನು ರೀಪರ್ ತಂತ್ರವನ್ನ ತನ್ನ ದೇಹಕ್ಕೇ ಹಾಕ್ಕೊಂಡಿದ್ದ. ಭಸ್ಮಾಸುರ ಕಷ್ಟಪಟ್ಟು ವರ ಪಡೆದ, ವರವೂ ಸುಳ್ಳಾಗಲಿಲ್ಲ, ಕೈ ಇಟ್ಟದ್ದು ತನ್ನ ತಲೆ ಮೇಲೆ. ಮಾರ್ಸ್ ಮಿಷನ್‌ನಲ್ಲಿ ಒಬ್ಬ ಸರ್ಬರಸ್ ಸೈನಿಕನ ಹೆಲ್ಮೆಟ್ ತೆಗೆದು ನೋಡಿದಾಗ ಒಳಗಿದ್ದ ಮುಖ ನೆನಪಿದೆಯಾ? ಹಸ್ಕ್ ಆಗೋ ಹಾದಿಯಲ್ಲಿದ್ದ ಮನುಷ್ಯ. ತಂಡಕ್ಕೆ ತಂಡವನ್ನೇ ಹಾಗೆ ಮಾಡಿದ ಮೇಲೆ ಸ್ಯಾಂಕ್ಚುಯರಿಯ ಫಲಿತಾಂಶವನ್ನ ಓದೋಕೆ ಆರೋಗ್ಯವಂತ ತಲೆ ಯಾವುದು ಉಳಿದಿತ್ತು?

—

ಬೂದುಗಣ್ಣ:

ಹಾಗಾದರೆ ಲಾಜರಸ್? ಅದು ಯಾಕೆ ಗೆದ್ದಿತು? ಅದೇ ದುಡ್ಡು, ಅದೇ ಮೇಲಧಿಕಾರಿ, ಅದೇ ಗುಟ್ಟು. ಬರೀ ಅದೃಷ್ಟವಾ?

—

ಕ್ಯಾಲಿಬ್ರೇಶನ್ ಗುಂಡಣ್ಣ:

ಭದ್ರತೆಯ ಮಟ್ಟಿಗೆ ಬರೀ ಅದೃಷ್ಟ. ಮೆಕ್‌ಗಳನ್ನ ತಿರುಗಿಸಿ ದ್ರೋಹ ಮಾಡಿದ ವಿಲ್ಸನ್ ವೈದ್ಯಕೀಯ ವಿಭಾಗದವನು. ಅವನ ಕೈಗೆ ಕಾವಲು ಮೆಕ್‌ಗಳ ಅನುಮತಿ ಹೇಗೆ ಬಂತು ಅಂತ ಅಲ್ಲಿನ ಕಾವಲಿನ ಜೇಕಬ್ ಆಟದಲ್ಲೇ ಕೇಳ್ತಾನೆ, ಅದೂ ನಿಲ್ದಾಣ ಹೊತ್ತಿ ಉರಿಯೋವಾಗ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಒಬ್ಬನೇ ಒಬ್ಬ ಎಲ್ಲಾ ಮೆಕ್‌ಗಳನ್ನ ತಿರುಗಿಸಬಹುದಿತ್ತು, ಎರಡನೆಯವನ ಒಪ್ಪಿಗೆ ಬೇಕಿರಲಿಲ್ಲ. 400 ಕೋಟಿಯ ದೇಹ ಮೇಜಿನ ಮೇಲೆ, ಇನ್ನೊಂದು ಪ್ರತಿ ಇಲ್ಲ. ಲಾಜರಸ್ ಮುಖ್ಯಸ್ಥೆ ಮಿರಾಂಡ ಮೈಕಿನಲ್ಲಿ ಶೆಪರ್ಡ್‌ನ ಎಬ್ಬಿಸದಿದ್ದರೆ ಅಲ್ಲಿಗೆ ಮುಗೀತು.

ಆದರೆ ಪ್ರಯೋಗದ ಮಟ್ಟಿಗೆ ಬೇರೆ ಕಾರಣ ಇದೆ. ಶೆಪರ್ಡ್ ತಲೆಯಲ್ಲಿ ಒಂದು ನಿಯಂತ್ರಣ ಚಿಪ್ ಹಾಕೋಣ ಅಂತ ಮಿರಾಂಡ ಕೇಳಿದಳು. ಇಲ್ಯೂಸಿವ್ ಮ್ಯಾನ್ ಬೇಡ ಅಂದ, ಹೇಗಿದ್ದರೋ ಹಾಗೇ ವಾಪಸ್ ಬೇಕು ಅಂದ. ಅವನ ಇಡೀ ದಾಖಲೆಯಲ್ಲಿ ಪ್ರಯೋಗಕ್ಕೆ ಒಳಗಾದವರ ಇಚ್ಛೆಯನ್ನ ಮುಟ್ಟದೆ ಬಿಟ್ಟದ್ದು ಇದೊಂದೇ ಸಲ ಅಂತ ಕಾಣುತ್ತೆ.

—

ಪುಟ್ಟಕ್ಕ ಶೆಪರ್ಡ್:

ಈಡಿಯನ್ನೂ ಸೇರಿಸಿ. ಅವಳಿಗೆ ಸಂಕೋಲೆ ಹಾಕಿಟ್ಟಿದ್ದರು. ರೀಪರ್‌ನಿಂದ ತಂದ ಐಎಫ್‌ಎಫ್ ಒಳಗೆ ವೈರಸ್ ಇತ್ತು, ಸರಿಯಾಗಿ ಜಾಲಾಡದೆ ಹಡಗಿಗೆ ಜೋಡಿಸಿದರು, ರೀಪರ್ ಆಳುಗಳಾದ ಕಲೆಕ್ಟರ್‌ಗಳು ಹತ್ತಿದರು, ಸಿಬ್ಬಂದಿಯನ್ನೆಲ್ಲ ಹೊತ್ತೊಯ್ದರು. ಆಗ ಹಡಗಿನ ಪೈಲಟ್ ಜೋಕರ್ ಮುರಿಯೋ ಮೂಳೆಯ ಕಾಲಲ್ಲಿ ಕುಂಟ್ತಾ ಹೋಗಿ ಆ ಸಂಕೋಲೆ ಬಿಚ್ಚಿದ. ಹಡಗು ಉಳಿದದ್ದು ಆಮೇಲೆ. ಸರ್ಬರಸ್ ತಜ್ಞರು ಯಾವುದಕ್ಕೆ ಅತಿ ಹೆಚ್ಚು ಹೆದರಿದ್ದರೋ ಅದನ್ನ ಒಬ್ಬ ಪೈಲಟ್ ಮಾಡಿದ, ನಮ್ಮವರಲ್ಲಿ ಒಬ್ಬರನ್ನೂ ಅವಳು ಕೊಲ್ಲಲಿಲ್ಲ.

—

ಸೆಲ್ ನಂಬರ್ 8:

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಆ ಚಿಪ್ ಬೇಡ ಅಂದವನೂ ಇಲ್ಯೂಸಿವ್ ಮ್ಯಾನೇ, ಆ ಒಂದು ಅಂಕ ಅವನ ಖಾತೆಗೆ ಹಾಕಿ.

—

ಕ್ಯಾಲಿಬ್ರೇಶನ್ ಗುಂಡಣ್ಣ:

ಹಾಕಿದೆ. ಡೇವಿಡ್‌ನ ಗ್ರಿಸಮ್‌ಗೆ ಕಳಿಸದೆ ಆರ್ಚರ್ ಹತ್ತಿರವೇ ಬಿಟ್ಟವರು ಯಾರಾದರೂ ಇದ್ದರೆ, ಮುಂದಿನ ಸಲ ಕಳಿಸಿ ನೋಡಿ. 906.01ರ ವರ್ಗಮೂಲ 30.1, ಅವನು ಬಾಯಲ್ಲೇ ಹೇಳೋ ಲೆಕ್ಕ. ಅಷ್ಟು ಬಲ್ಲವನಿಗೆ ಮೇಜು ಕುರ್ಚಿ ಕೊಟ್ಟು "ಗೆತ್ ಏನು ಹೇಳ್ತಿದೆ ಸ್ವಲ್ಪ ಕೇಳಿ ಹೇಳಪ್ಪಾ" ಅಂದಿದ್ದರೆ ಓವರ್‌ಲಾರ್ಡ್‌ಗೆ ಒಂದು ಮೈಕ್, ಒಂದು ನೋಟ್‌ಬುಕ್ ಸಾಕಿತ್ತು.